ಮಳೆಗಾಲವೇ ತರಗತಿ: ಉತ್ತರ ಕನ್ನಡದಲ್ಲಿ ಯುವ ಕೃಷಿ ವಿಜ್ಞಾನಿಗಳಿಗೆ ಕ್ಲೈಮೇಟ್ ಸ್ಮಾರ್ಟ್ ಕೃಷಿ ತರಬೇತಿ ಹೀಗೆ ನಡೆಸಿ

ಈ ಬರಹ ತರಬೇತಿ ನಡೆಸುವವರಿಗೆ. ನೀವು ಕೃಷಿ ಕಾಲೇಜಿನ ಮೇಷ್ಟ್ರಿರಬಹುದು, ಕೃಷಿ ವಿಜ್ಞಾನ ಕೇಂದ್ರದವರಿರಬಹುದು, ಸಹಕಾರಿ ಸಂಘದ ಕೃಷಿ ವಿಭಾಗ ನೋಡಿಕೊಳ್ಳುವವರಿರಬಹುದು. ಹೊಸದಾಗಿ ಸಂಶೋಧನೆಗೆ ಬಂದವರನ್ನು ಇಲ್ಲಿನ ಗದ್ದೆ, ತೋಟಗಳಲ್ಲಿ ಕ್ಲೈಮೇಟ್ ಸ್ಮಾರ್ಟ್ ಕೃಷಿಗೆ, ಅಂದರೆ ಹವಾಮಾನದ ಏರುಪೇರಿಗೆ ಹೊಂದಿಕೊಳ್ಳುವ ಬೇಸಾಯಕ್ಕೆ, ಸಜ್ಜು ಮಾಡಬೇಕೆಂದರೆ ಮೂರು ದಿನದ ಸಭಾಂಗಣದ ತರಬೇತಿ ಸಾಲುವುದಿಲ್ಲ. ಒಂದು ಇಡೀ ಮಳೆಗಾಲ ಬೇಕು.

ಜಿಲ್ಲೆಯ ನಕ್ಷೆ ನೋಡಿದರೆ ಕಾರಣ ಗೊತ್ತಾಗುತ್ತದೆ. ಒಟ್ಟು 12 ತಾಲ್ಲೂಕು. ಕಾರವಾರದಿಂದ ಭಟ್ಕಳದವರೆಗಿನ 5 ಕರಾವಳಿ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ, ಕಾಳುಮೆಣಸು. ಇನ್ನೂ ಪೂರ್ವಕ್ಕೆ ಮುಂಡಗೋಡ, ಹಳಿಯಾಳಕ್ಕೆ ಹೋದರೆ ಮಳೆ ಅರ್ಧಕ್ಕಿಂತ ಕಡಿಮೆ, ಅಲ್ಲಿ ಮೆಕ್ಕೆಜೋಳ, ಕಬ್ಬು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರಲು ಬರೀ 60 ಕಿ.ಮೀ. ಅಷ್ಟರಲ್ಲೇ ಉಪ್ಪುನೀರಿನ ಗದ್ದೆ ಹೋಗಿ ಕೊಳೆ ರೋಗದ ಅಡಿಕೆ ತೋಟ ಬಂದಿರುತ್ತದೆ. ಒಂದೇ ಸಲಹೆಯನ್ನು ಎಲ್ಲರಿಗೂ ಹಂಚಿದರೆ ಯಾರಿಗೂ ಉಪಯೋಗವಿಲ್ಲ.

ಮೊದಲು ತಂಡ ಕಟ್ಟಿ, ಕಾಲ ಗೊತ್ತು ಮಾಡಿ

ಹನ್ನೆರಡರಿಂದ ಹದಿನೈದು ಜನ ಸಾಕು. ಎಲ್ಲರೂ ಬೇಸಾಯಶಾಸ್ತ್ರದವರೇ ಆಗಬಾರದು. ಮಣ್ಣು, ಸಸ್ಯರೋಗ, ತೋಟಗಾರಿಕೆ, ಅರಣ್ಯ, ಕೃಷಿ ಅರ್ಥಶಾಸ್ತ್ರ ಓದಿದವರು ಇರಲಿ. ಮೀನುಗಾರಿಕೆ ಓದಿದ ಒಬ್ಬರಾದರೂ ಬೇಕೇ ಬೇಕು. ಅವರಿಲ್ಲದೆ ಕರಾವಳಿಯ ಗಜನಿ ಭೂಮಿ, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆ, ಅರ್ಥವಾಗುವುದಿಲ್ಲ. ಇಲಾಖೆಯ ಇಬ್ಬರು ಮೂವರು ಸಹಾಯಕ ಅಧಿಕಾರಿಗಳನ್ನೂ ಸೇರಿಸಿಕೊಳ್ಳಿ. ವಿಜ್ಞಾನಿ ಹೋದ ಮೇಲೂ ಊರಲ್ಲಿ ಓಡಾಡುವವರು ಅವರೇ.

ಮೇ ತಿಂಗಳಲ್ಲಿ ಶುರು ಮಾಡಿ ಡಿಸೆಂಬರ್‌ವರೆಗೆ ಎಳೆಯಿರಿ. ತಿಂಗಳಿಗೆ ಎರಡು ದಿನ ಊರಲ್ಲಿ, ಉಳಿದ ದಿನ ಅವರವರ ಕೆಲಸ. ಮೂರೇ ಊರು ಆರಿಸಿಕೊಳ್ಳಿ: ಅಘನಾಶಿನಿ ಅಳಿವೆಯ ಪಕ್ಕದ್ದೊಂದು, ಶಿರಸಿ ಸುತ್ತಿನ ತೋಟದ ಊರೊಂದು, ಮುಂಡಗೋಡ ಕಡೆಯದೊಂದು. ಅದೇ ಊರಿಗೆ ಮತ್ತೆ ಮತ್ತೆ ಹೋಗಬೇಕು. ಹತ್ತು ಊರು ಸುತ್ತಿದರೆ ಫೋಟೋ ಜಾಸ್ತಿ ಸಿಗುತ್ತದೆ, ತಿಳಿವಳಿಕೆ ಸಿಗುವುದಿಲ್ಲ.

ಜುಲೈನಲ್ಲಿ ಘಟ್ಟದ ಓಡಾಟ ಇಟ್ಟುಕೊಳ್ಳಬೇಡಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಆ ತಿಂಗಳು ತಂಡದ ಪ್ರತಿಯೊಬ್ಬರೂ ತಮ್ಮ ಕಡೆಯ ಊರಲ್ಲೇ ಇರಲಿ.

ಮೂರು ಪ್ರಶ್ನೆ, ಜೊತೆಗೆ ನಮ್ಮದೊಂದು

ತತ್ವ ಹೇಳಲು ಅರ್ಧ ದಿನ ಸಾಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಕ್ಲೈಮೇಟ್ ಸ್ಮಾರ್ಟ್ ಕೃಷಿ ಎಂಬ ಹೆಸರು ಮುಂದಿಟ್ಟಾಗ ಮೂರು ಗುರಿ ಹೇಳಿತ್ತು. ರೈತನ ಇಳುವರಿ ಮತ್ತು ಆದಾಯ ಹೆಚ್ಚಬೇಕು. ಮಳೆ, ಬಿಸಿಲು ಹದ ತಪ್ಪಿದರೂ ಬೇಸಾಯ ತಡೆದುಕೊಳ್ಳಬೇಕು. ವಾತಾವರಣಕ್ಕೆ ಹೋಗುವ ಇಂಗಾಲ, ಮೀಥೇನ್ ಸಾಧ್ಯವಾದಷ್ಟು ತಗ್ಗಬೇಕು. ಯಾವುದೇ ಸಲಹೆ ಬಂದರೂ ಈ ಮೂರೂ ಪ್ರಶ್ನೆ ಕೇಳಲು ಕಲಿಸಿ. ಮೂರಕ್ಕೂ ಹೌದು ಅನ್ನುವ ಉತ್ತರ ಸಿಗುವುದು ಅಪರೂಪ. ಎಲ್ಲಿ ಹೌದು, ಎಲ್ಲಿ ಇಲ್ಲ ಅಂತ ಬಿಚ್ಚಿ ಹೇಳುವುದೇ ವಿಜ್ಞಾನಿಯ ಕೆಲಸ.

ನಾಲ್ಕನೆಯದು ನಮ್ಮ ಜಿಲ್ಲೆಯ ಪ್ರಶ್ನೆ: ಇದನ್ನು ಮಾಡುವ ಆಳು ಎಲ್ಲಿ? ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡ ಸಿಗದ ಊರಲ್ಲಿ ಇನ್ನೊಂದು ಸಲ ಮರ ಹತ್ತಿಸುವ ಸಲಹೆ ಕೊಟ್ಟು ಏನು ಪ್ರಯೋಜನ? ಮಂಗ, ಕಾಡುಹಂದಿ, ನವಿಲಿನ ಕಾಟ ಲೆಕ್ಕಕ್ಕೆ ತೆಗೆದುಕೊಳ್ಳದ ಬೆಳೆ ಯೋಜನೆಯೂ ಹಾಗೆಯೇ.

ಭತ್ತದ ಉದಾಹರಣೆ ತೆಗೆದುಕೊಳ್ಳಿ. ಗದ್ದೆಯನ್ನು ಆಗಾಗ ಒಣಗಿಸಿ ನೀರು ಕಟ್ಟಿದರೆ ಮೀಥೇನ್ ಬಹಳಷ್ಟು ಕಡಿಮೆಯಾಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ, ಹಾಗಾಗಿ ಇದು ಸಣ್ಣ ಲಾಭವಲ್ಲ. ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹುಗಿದು, ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ನೀರು ಬಿಡುವ ವಿಧಾನ ಇದು. ಕಾಲುವೆ ನೀರಾವರಿ ಇರುವ ಕಡೆ ಬಹಳ ಒಳ್ಳೆಯದು. ಆದರೆ ಜುಲೈನಲ್ಲಿ ಕುಮಟಾದ ಗದ್ದೆ ಒಣಗಿಸುವುದು ಯಾರ ಕೈಲೂ ಇಲ್ಲ. ಬೇಸಿಗೆ ಭತ್ತಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಒಳ್ಳೆಯ ತಂತ್ರವನ್ನೂ ಇಲ್ಲಿಗೆ ಬೇಡ ಎಂದು ಹೇಳುವ ಧೈರ್ಯ ಶಿಬಿರಾರ್ಥಿಗೆ ಮೊದಲ ತಿಂಗಳೇ ಬರಬೇಕು.

ಮಳೆ ಅಳೆಯಲು ಕಲಿಸಿ

ಇದಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಮೇ ಮುಗಿಯುವುದರೊಳಗೆ ಪ್ರತಿ ಊರಲ್ಲಿ ಮೂರು ಸಾದಾ ಮಳೆಮಾಪಕ ಇಡಿಸಿ. ರೈತರ ಮನೆಯ ಅಂಗಳದ ಬಯಲಲ್ಲಿ, ಮರ ಮತ್ತು ಮಾಡಿನಿಂದ ದೂರ. ಬೆಳಿಗ್ಗೆ 8.30ಕ್ಕೆ ನೋಡಿ ಬರೆಯುವುದು ಹವಾಮಾನ ಇಲಾಖೆಯ ಪದ್ಧತಿ. ಅದೇ ಹೊತ್ತಿಗೆ ಬರೆದರೆ ಮಾತ್ರ ಇಲಾಖೆಯ ಅಂಕಿಯೊಂದಿಗೆ ಹೋಲಿಸಲು ಬರುತ್ತದೆ.

ಅಂಕಿಗೆ ಅರ್ಥ ಬರುವ ಹಾಗೆ ಲೆಕ್ಕ ಮಾಡಿಸಿ. ಒಂದು ಎಕರೆಗೆ 1 ಮಿ.ಮೀ. ಮಳೆ ಬಿದ್ದರೆ 4,047 ಲೀಟರ್ ನೀರು. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಒಂದು ಎಕರೆ ತೋಟದ ಕಾದಿಗೆ (ಬಸಿಗಾಲುವೆ) ಒಂದೇ ದಿನದಲ್ಲಿ 200 ಮಿ.ಮೀ. ನೀರನ್ನು, ಅಂದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಹೊರಗೆ ಸಾಗಿಸಬಲ್ಲದೇ? ಟೇಪು ಹಿಡಿದು ಕಾದಿಗೆಯ ಅಗಲ, ಆಳ, ಇಳಿಜಾರು ಅಳೆದು ಉತ್ತರ ತರಲಿ. ಬಸಿಗಾಲುವೆಯ ಹೂಳು ತೆಗೆಯುವುದು ಎಷ್ಟು ದೊಡ್ಡ ಹವಾಮಾನ ಕೆಲಸ ಅನ್ನುವುದು ಆಗ ತಲೆಗೆ ಹೋಗುತ್ತದೆ.

ಒಟ್ಟು ಮಳೆಗಿಂತ ಅದು ಹಂಚಿಕೆಯಾದ ರೀತಿ ಮುಖ್ಯ. 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ಪ್ರತಿ ತಿಂಗಳ ಮಳೆ ದಿನ ಎಷ್ಟು, ನಡುವೆ ಸತತವಾಗಿ ಒಣಗಿದ ದಿನ ಎಷ್ಟು ಅಂತ ಪಟ್ಟಿ ಮಾಡಿಸಿ.

ರೈತರು ದಿನಾಂಕದಲ್ಲಿ ಮಳೆಯನ್ನು ನೆನಪಿಟ್ಟಿರುವುದಿಲ್ಲ, ನಕ್ಷತ್ರದಲ್ಲಿ ಇಟ್ಟಿರುತ್ತಾರೆ. ಆರಿದ್ರಾ ಕೈಕೊಟ್ಟಿತು, ಆಶ್ಲೇಷದಲ್ಲಿ ಬಿಡಲೇ ಇಲ್ಲ ಅನ್ನುತ್ತಾರೆ. ಶಿಬಿರಾರ್ಥಿಗೆ ಇದು ಗೊತ್ತಿರಬೇಕು. ಮೃಗಶಿರ ಜೂನ್ 7-8ಕ್ಕೆ, ಆರಿದ್ರಾ ಜೂನ್ 21-22ಕ್ಕೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ ಜುಲೈ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ, ಮಘೆ ಆಗಸ್ಟ್ 16-17ಕ್ಕೆ ಶುರು. ಇದನ್ನು ಮಳೆ ದಾಖಲೆಯ ಪಕ್ಕದಲ್ಲಿ ಬರೆದಿಟ್ಟರೆ ಹಿರಿಯರ ನೆನಪು ಮತ್ತು ಮಾಪಕದ ಅಂಕಿ ಒಂದೇ ಹಾಳೆಯಲ್ಲಿ ಸಿಗುತ್ತವೆ.

ಗ್ರಾಮ ಪಂಚಾಯ್ತಿಗೊಂದರಂತೆ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಲ್ಲುವುದು ಇಂಥ ಮಾಪಕದ ಅಂಕಿಯ ಮೇಲೆ. ರೈತನ ಪಾಲಿನ ಕಂತು ವಿಮಾ ಮೊತ್ತದ ಶೇ. 5. ಗುಡ್ಡದ ಈಚೆ ಸುರಿದ ಮಳೆ ಆಚೆ ಸುರಿಯದಿರುವುದು ಮಲೆನಾಡಿನಲ್ಲಿ ಮಾಮೂಲಿ. ಪಂಚಾಯ್ತಿ ಮಾಪಕದ ಅಂಕಿಗೂ ಅಂಗಳದ ಮಾಪಕದ ಅಂಕಿಗೂ ಎಷ್ಟು ವ್ಯತ್ಯಾಸ ಅಂತ ಇಡೀ ಮಳೆಗಾಲ ಬರೆದಿಟ್ಟರೆ ಅದು ಶಿಬಿರಾರ್ಥಿಗೂ ಪಾಠ, ಊರಿಗೂ ದಾಖಲೆ.

ಗಜನಿಯಲ್ಲಿ ಒಂದು ಬೆಳೆ ಪೂರ್ತಿ ನೋಡಲಿ

ಹವಾಮಾನಕ್ಕೆ ಹೊಂದಿಕೊಂಡ ಬೇಸಾಯ ಹೇಗಿರುತ್ತದೆ ಅಂತ ತೋರಿಸಲು ದೂರ ಹೋಗಬೇಕಿಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆಯ, ಉಪ್ಪು ತಡೆಯುವ ಕಗ್ಗ ಭತ್ತ ಸಾಕು. ಸಮುದ್ರದ ಉಬ್ಬರದ ನೀರು ಒಳಗೆ ಬರುವ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ದಂಡೆಯ ತಗ್ಗು ಗದ್ದೆಗಳೇ ಗಜನಿ.

ಜೂನ್‌ನಲ್ಲಿ ಮಳೆ ಬಿದ್ದು ಗದ್ದೆಯ ಉಪ್ಪನ್ನು ತೊಳೆಯಬೇಕು. ಆಮೇಲೆ ಮೊಳಕೆ ಬಂದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಏಳುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಡುತ್ತಾರೆ, ಕೂಳೆ ಕೊಳೆತು ಮೀನು, ಸೀಗಡಿಗೆ ಮೇವಾಗುತ್ತದೆ. ಕೇರಳದ ಪೊಕ್ಕಾಳಿಯೂ ಇದೇ ಜಾತಿಯ ಬೇಸಾಯ. ಸಮುದ್ರ ಏರುವ ಕಾಲಕ್ಕೆ ಬೇಕಾದ ಬೀಜ ಇಲ್ಲೇ ಇದೆ. ಅದನ್ನು ಉಳಿಸಿಕೊಂಡವರ ಕಾಲ ಬುಡದಲ್ಲಿ ಕೂತು ಕಲಿಯುವುದು ನಮ್ಮ ಭಾಗ್ಯ ಅಂತಲೇ ನಾನು ನಂಬಿದ್ದೇನೆ.

ಇಲ್ಲಿ ಶಿಬಿರಾರ್ಥಿಗಳಿಗೆ ಎರಡು ಕೆಲಸ ಕೊಡಿ. ಒಂದು, ವಾರಕ್ಕೊಮ್ಮೆ ಮಣ್ಣು, ನೀರಿನ ಉಪ್ಪಿನಂಶ ಅಳೆಯುವುದು. ಸಾಮಾನ್ಯ ಭತ್ತದ ಇಳುವರಿ ಮಣ್ಣಿನ ಲವಣತೆ ಮೀಟರಿಗೆ 3 ಡೆಸಿಸೈಮನ್ಸ್ (ಉಪ್ಪಿನಂಶ ಅಳೆಯುವ ಮಾನ) ದಾಟಿದರೆ ಇಳಿಯತೊಡಗುತ್ತದೆ. ಆದರೆ ಕೈಯಲ್ಲಿ ಹಿಡಿಯುವ ಮೀಟರನ್ನು ನೀರಿಗೆ ಅದ್ದಿ ಬಂದ ಅಂಕಿ ಬೇರೆ, ಮಣ್ಣಿನ ಪೇಸ್ಟಿನಿಂದ ಪ್ರಯೋಗಾಲಯದಲ್ಲಿ ತೆಗೆದ ಅಂಕಿ ಬೇರೆ. ಎರಡನ್ನೂ ಬೆರೆಸಬಾರದು. ಆಗಸ್ಟ್‌ನಲ್ಲಿ ಮಳೆ ನಾಲ್ಕಾರು ದಿನ ಬಿಟ್ಟರೆ ಉಪ್ಪು ಕೆಳಗಿನಿಂದ ಮೇಲೇರುವುದನ್ನು ಅವರು ಕಣ್ಣಾರೆ ಕಾಣಬೇಕು.

ಇನ್ನೊಂದು, ಒಡ್ಡು ಮತ್ತು ತೂಬಿನ ವ್ಯವಹಾರ ಬರೆದುಕೊಳ್ಳುವುದು. ಉಬ್ಬರದಲ್ಲಿ ಹಲಗೆ ಮುಚ್ಚಬೇಕು, ಇಳಿತದಲ್ಲಿ ತೆಗೆದು ಒಳಗಿನ ನೀರು ಬಿಡಬೇಕು. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಉಬ್ಬರ ಜೋರು. ಹಲಗೆ ಯಾರು ತೆಗೆಯುತ್ತಾರೆ? ಒಡ್ಡು ಒಡೆದರೆ ಖರ್ಚು ಯಾರದು? ಸೀಗಡಿ ಹಿಡಿಯುವ ಗುತ್ತಿಗೆ ಯಾರಿಗೆ? ಸೀಗಡಿಯ ಹಣ ಹೆಚ್ಚಾದ ಕಡೆ ಭತ್ತ ಬಿಟ್ಟುಹೋಗಿದೆ. ಇಡೀ ಬಯಲಿಗೆ ನೀರು ಒಂದೇ. ಹಾಗಾಗಿ ಒಬ್ಬ ರೈತನಿಗೆ ಕೊಟ್ಟ ಸಲಹೆಯಿಂದ ಏನೂ ಬದಲಾಗದು. ಊರಿನ ಸಭೆಯಲ್ಲಿ ಮಾತಾಡಲು ಬಾರದ ವಿಜ್ಞಾನಿಗೆ ಗಜನಿಯಲ್ಲಿ ಕೆಲಸವಿಲ್ಲ.

ಬೀಜ ತೆಗೆದುಕೊಂಡು ಹೋಗುವುದಾದರೆ ಕೇಳಿ ತೆಗೆದುಕೊಳ್ಳಲಿ. ಕೊಟ್ಟವರ ಹೆಸರು, ಊರು, ದಿನ ಚೀಟಿಯಲ್ಲಿ ಇರಲಿ. ರೈತರ ತಳಿಯನ್ನು ರೈತರ ಹೆಸರಲ್ಲೇ ನೋಂದಾಯಿಸಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಅವಕಾಶವಿದೆ. ಇದನ್ನು ಊರಿನವರಿಗೂ ತಿಳಿಸಬೇಕು.

ಅಡಿಕೆ ತೋಟದಲ್ಲಿ ಮದ್ದು ಹೊಡೆಯುವ ದಿನ

ಘಟ್ಟದ ಮೇಲೆ ಹವಾಮಾನದ ಬಿಸಿ ಮೊದಲು ತಾಗುವುದು ಕೊಳೆ ರೋಗದಲ್ಲಿ. ಮಳೆ ಬಿಡದೆ ಹಿಡಿದು, ನಡುವೆ ಸ್ವಲ್ಪ ಬಿಸಿಲು ಬಂದರೆ ಫೈಟಾಫ್ತೊರಾ ಎಂಬ ರೋಗಾಣು ಗೊನೆಯಿಂದ ಗೊನೆಗೆ ಹರಡುತ್ತದೆ. ಶೇ. 1ರ ಬೋರ್ಡೊ ದ್ರಾವಣ ಮುಂಗಾರು ಹಿಡಿಯುವ ಹೊತ್ತಿಗೆ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು ಅನ್ನುವುದು ಶಿಫಾರಸು. ಪುಸ್ತಕದಲ್ಲಿ ಒಂದೇ ಸಾಲು. ತೋಟದಲ್ಲಿ ಅದು ಒಂದು ದೊಡ್ಡ ಸಾಹಸ.

ಶಿಬಿರಾರ್ಥಿಗಳ ಕೈಯಲ್ಲೇ ದ್ರಾವಣ ಮಾಡಿಸಿ. 1 ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಪ್ಲಾಸ್ಟಿಕ್ ಡ್ರಮ್ಮು ಆಗಬೇಕು, ಕಬ್ಬಿಣದ್ದು ಆಗದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಿಂದ ತಿರುವುತ್ತಿರಬೇಕು, ಉಲ್ಟಾ ಮಾಡಬಾರದು. ಆಮೇಲೆ ಚೊಕ್ಕಟವಾದ ಕತ್ತಿ ಅಥವಾ ಹೊಸ ಬ್ಲೇಡು ಅದ್ದಿ ನೋಡಲಿ. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲಲಿಲ್ಲ ಅಂತ. ಬಣ್ಣ ಹತ್ತದವರೆಗೆ ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಮುಗಿಸಬೇಕು.

ಈಗ ಅಸಲಿ ಪ್ರಶ್ನೆಗೆ ಬನ್ನಿ. ಮುಂದಿನ ಐದು ದಿನದ ಮುನ್ಸೂಚನೆ ರೈತರಿಗೆ ಹವಾಮಾನ ತಿಳಿಸುವ ಮೇಘದೂತ್ ಆ್ಯಪಿನಲ್ಲಿ ಇದೆ. ಕೊನೆಗೌಡ ಶುಕ್ರವಾರ ಬರುತ್ತೇನೆ ಅಂದಿದ್ದಾನೆ. ಶುಕ್ರವಾರ ಭಾರಿ ಮಳೆ ಅಂತ ಸೂಚನೆ. ಬುಧವಾರ ಬಿಸಿಲಿದೆ, ಆದರೆ ಕೊನೆಗೌಡ ಪಕ್ಕದೂರಿನ ತೋಟದಲ್ಲಿದ್ದಾನೆ. ತೋಟದ ಯಜಮಾನ ಹೆಗಡೇರಿಗೆ ಏನು ಹೇಳುತ್ತೀರಿ? ಶಿಬಿರಾರ್ಥಿಗಳು ಗುಂಪಾಗಿ ಕೂತು ಇದನ್ನು ಬಿಡಿಸಲಿ. ನಾಲ್ಕು ಮನೆಯವರು ಸೇರಿ ಕೊನೆಗೌಡನ ದಿನ ಹಂಚಿಕೊಳ್ಳುವುದು, ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದಲ್ಲೇ ನಿಂತು ಹೊಡೆಯುವುದು, ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದು, ಹೀಗೆ ದಾರಿಗಳು ತೆರೆಯುತ್ತವೆ. ಪ್ರತಿಯೊಂದಕ್ಕೂ ಖರ್ಚು ಬರೆಯಲಿ. ವರ್ಷಾನುಗಟ್ಟಲೆ ಹೊಡೆದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಅನ್ನುವುದನ್ನೂ ಮುಚ್ಚಿಡಬಾರದು. ಮೂರನೇ ಸಲ ಹೊಡೆಯಿರಿ ಅಂತ ಹೇಳುವಾಗ ಮಳೆ ದಾಖಲೆ ಕೈಯಲ್ಲಿ ಇರಲಿ.

ಬೇಸಿಗೆಯ ಕಥೆ ಬೇರೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಅನ್ನುವ ಶಿಫಾರಸಿದೆ. ಅದರ ಜೊತೆ ಬುಡಕ್ಕೆ ಸೊಪ್ಪು, ದರಕು (ಒಣ ಎಲೆ), ಅಡಿಕೆ ಸಿಪ್ಪೆಯ ಮುಚ್ಚಿಗೆ. ತೋಟಕ್ಕೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟ ಇಲ್ಲಿನ ತೋಟದ ಅರ್ಧ ಜೀವ. ಬೆಟ್ಟ ಬೋಳಾದರೆ ತೋಟದ ನೀರೂ ಹೋಗುತ್ತದೆ, ಗೊಬ್ಬರವೂ ಹೋಗುತ್ತದೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇರುವುದರಿಂದ ಬೆಟ್ಟದ ಪಾಠಕ್ಕೆ ಅಲ್ಲಿಯವರನ್ನು ಕರೆಯಿರಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಇಂಗುಗುಂಡಿ, ಕಂದಕ ತೋಡಿಸುವುದು ಮುಂಡಗೋಡ ಕಡೆ ಒಳ್ಳೆಯ ಸಲಹೆ. ಕಡಿದಾದ, ಮಣ್ಣು ಆಳವಾಗಿರುವ ಘಟ್ಟದ ಓರೆಯಲ್ಲಿ ಅದೇ ಸಲಹೆ ಅಪಾಯಕಾರಿ. ಅಲ್ಲಿ ನೀರನ್ನು ಸರಾಗವಾಗಿ ಕೆಳಗಿಳಿಸುವುದೇ ಮುಖ್ಯ. ಜೆಸಿಬಿ ತಂದು ಗುಡ್ಡದ ಬುಡ ಕಡಿದು ಹೊಸ ತೋಟ ಮಾಡುವುದಕ್ಕೂ, ಭತ್ತದ ಗದ್ದೆಗೆಲ್ಲ ಅಡಿಕೆ ನೆಡುವುದಕ್ಕೂ ನಮ್ಮ ತರಬೇತಿಯಿಂದ ಬೆಂಬಲ ಸಿಗಬಾರದು.

ಪ್ರಯೋಗ ರೈತರ ಜಮೀನಿನಲ್ಲಿ, ನಷ್ಟ ನಮ್ಮದು

ಪ್ರತಿ ಶಿಬಿರಾರ್ಥಿ ಒಂದು ಸಣ್ಣ ಪ್ರಯೋಗ ಮಾಡಬೇಕು. ಏನನ್ನು ಪರೀಕ್ಷಿಸಬೇಕು ಅಂತ ರೈತರು ಆರಿಸಲಿ. ಐದಾರು ಗುಂಟೆ ಸಾಕು. ಪಕ್ಕದಲ್ಲೇ ಅವರ ರೂಢಿಯ ಬೇಸಾಯ ಇರಲಿ, ಹೋಲಿಕೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ತಳಿ, ಗೊಬ್ಬರ, ನಾಟಿಯ ದಿನ ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ಬೆಳೆ ಕೈಕೊಟ್ಟರೆ ತುಂಬಿಕೊಡುವ ಹಣವನ್ನು ತರಬೇತಿಯ ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ, ಬರಹದಲ್ಲಿ ಕೊಡಿ. ಹೀಗೆ ಮಾಡದೆ ರೈತರ ಜಮೀನು ಕೇಳುವುದು ನ್ಯಾಯವಲ್ಲ.

ಕುಮಟಾದ ಸಿಹಿ ಈರುಳ್ಳಿ ಒಳ್ಳೆಯ ವಿಷಯ. ಭತ್ತ ಕೊಯ್ದ ಮೇಲೆ ಮರಳು ಮಿಶ್ರಿತ ಗದ್ದೆಯಲ್ಲಿ ಬೆಳೆಯುವ ಇದಕ್ಕೆ ಅಕಾಲದ ಮಳೆ ಬಿದ್ದರೆ ಕಷ್ಟ. ಏರುಮಡಿಯಲ್ಲಿ ನೆಟ್ಟರೆ ಎಷ್ಟು ಉಳಿಯುತ್ತದೆ ಅಂತ ನೋಡಬಹುದು. ಜೋಯಿಡಾದ ಕುಣಬಿ ಸಮುದಾಯದ ಮನೆಗಳ ಗೆಡ್ಡೆ ಗೆಣಸೂ ಹಾಗೆಯೇ. ಭತ್ತ ಕೈಬಿಟ್ಟ ವರ್ಷ ಮನೆಯ ಊಟಕ್ಕೆ ಅವು ಆಗುತ್ತವೆ.

ಮಾತಾಡುವುದನ್ನೂ ಕಲಿಸಬೇಕು

ಮೊದಲ ಎರಡು ಭೇಟಿಯಲ್ಲಿ ಸಲಹೆ ಕೊಡಬಾರದು ಅಂತ ನಿಯಮ ಮಾಡಿ. ಬರೀ ಕೇಳಬೇಕು, ಬರೆದುಕೊಳ್ಳಬೇಕು. ಗೌಡ್ರೆ, ನಾಯ್ಕರೆ, ಭಟ್ರೆ, ಅಕ್ಕ ಅಂತ ಊರಿನವರು ಹೇಗೆ ಕರೆಯುತ್ತಾರೋ ಹಾಗೆ ಕರೆಯಲಿ. ಕಾರವಾರದ ಕಡೆ ಕೊಂಕಣಿ ಬರುವವರೊಬ್ಬರು ತಂಡದಲ್ಲಿ ಇದ್ದರೆ ಅರ್ಧ ಕೆಲಸ ಸಲೀಸು.

ಮನೆಯ ಗಂಡಸಿನ ಜೊತೆ ಮಾತ್ರ ಮಾತಾಡಿ ಬರುವುದು ದೊಡ್ಡ ಕೊರತೆ. ಬೀಜ ಕಟ್ಟಿಡುವವರು, ತರಕಾರಿ ಬೆಳೆದು ಪೇಟೆಗೆ ತರುವವರು ಹೆಂಗಸರು. ಅಂಕೋಲಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲಿ ಇದನ್ನು ಚೆನ್ನಾಗಿ ನೋಡಬಹುದು. ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ 2020ರ ಪದ್ಮಶ್ರೀ ಬಂದದ್ದು ಅರಣ್ಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಾ ಗಳಿಸಿದ ಅರಿವಿಗೆ, ಶಾಲೆಯ ಓದಿಗಲ್ಲ. ಇಂಥ ಅರಿವಿರುವವರು ಪ್ರತಿ ಊರಲ್ಲಿದ್ದಾರೆ. ಅವರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಯಿರಿ, ಪ್ರೊಫೆಸರರಿಗೆ ಕೊಡುವಷ್ಟೇ ಗೌರವಧನ ಕೊಡಿ.

ಮುನ್ಸೂಚನೆ ಹೇಳುವಾಗ ಖಡಾಖಂಡಿತ ಮಾತು ಬೇಡ. ಹತ್ತರಲ್ಲಿ ಏಳು ಸಲ ಮಳೆ ಬರುವ ಲಕ್ಷಣ, ಮೂರು ಸಲ ಬಾರದೆಯೂ ಇರಬಹುದು ಅಂತ ಹೇಳಿದರೆ ಜನರಿಗೆ ಅರ್ಥವಾಗುತ್ತದೆ. ಬಂದೇ ಬರುತ್ತದೆ ಅಂತ ಹೇಳಿ ಬಾರದಿದ್ದರೆ ಮುಂದಿನ ವರ್ಷ ಯಾರೂ ಕಿವಿಗೊಡುವುದಿಲ್ಲ.

ಕೊನೆಗೆ ಏನನ್ನು ಅಳೆಯಬೇಕು

ಬರವಣಿಗೆಯ ಪರೀಕ್ಷೆ ಬೇಡ. ಡಿಸೆಂಬರ್‌ನಲ್ಲಿ ಪ್ರತಿ ಶಿಬಿರಾರ್ಥಿ ತನ್ನ ಪ್ರಯೋಗದ ಫಲಿತಾಂಶವನ್ನು ಊರಿನ ಸಭೆಯಲ್ಲಿ, ಕನ್ನಡದಲ್ಲಿ, ಇಪ್ಪತ್ತು ನಿಮಿಷ ಹೇಳಲಿ. ಸೋತ ಪ್ರಯೋಗವನ್ನೂ ಹೇಳಲಿ. ಪ್ರಶ್ನೆ ರೈತರು ಕೇಳಲಿ, ಅಂಕವನ್ನೂ ಅವರೇ ಕೊಡಲಿ.

ಮರುವರ್ಷದ ಮಳೆಗಾಲದಲ್ಲಿ ಅದೇ ಮನೆಗಳಿಗೆ ಹೋಗಿ ನೋಡಿ. ಸಬ್ಸಿಡಿ ಇಲ್ಲದೆಯೂ ಯಾರು ಮುಂದುವರಿಸಿದ್ದಾರೆ? ಯಾರು ಬಿಟ್ಟರು, ಯಾಕೆ? ನಾವು ಹೇಳಿದ್ದನ್ನು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡವರು ಯಾರು? ಈ ಮೂರನೆಯವರ ಮನೆಯಲ್ಲಿ ಹೆಚ್ಚು ಹೊತ್ತು ಕೂರಿ. ಮುಂದಿನ ತಂಡದ ಪಾಠ ಅಲ್ಲಿಂದಲೇ ಬರಬೇಕು.

ಮಳೆ ದಾಖಲೆ, ಉಪ್ಪಿನ ಅಂಕಿ, ಮಣ್ಣಿನ ವರದಿ, ಖರ್ಚಿನ ಲೆಕ್ಕ ಎಲ್ಲದರ ಕನ್ನಡ ಪ್ರತಿ ಆಯಾ ಮನೆಗೆ ಮತ್ತು ಪಂಚಾಯ್ತಿಗೆ ಏಪ್ರಿಲ್ ಒಳಗೆ ತಲುಪಬೇಕು. ಮೇ ತಿಂಗಳಲ್ಲಿ ಬೀಜ, ಗೊಬ್ಬರ, ಮೈಲುತುತ್ತ ಕೊಳ್ಳುವ ಹೊತ್ತಿಗೆ ಅದು ಕೈಯಲ್ಲಿದ್ದರೆ ಮಾತ್ರ ಉಪಯೋಗ. ಮಳೆಮಾಪಕಗಳನ್ನು ವಾಪಸ್ ತರಬೇಡಿ, ಅಲ್ಲೇ ಬಿಟ್ಟು ಬನ್ನಿ.